ಪದಚರ್ಚೆ: ‘ಪೋಸ್ಟ್-ಹಾರ್ಡ್‌ಕೋರ್’ಗೆ ಕನ್ನಡ ಪದ – ನಾಳೆ ಬೆಳಿಗ್ಗೆಯೊಳಗೆ ಬೇಕು

ಮಾನ್ಯರೆ,

ಮಾಸಪತ್ರಿಕೆಯೊಂದರ ಸಂಗೀತ ಪುಟಕ್ಕೆ ‘ಯಾಂಕ್ ಕ್ರೈಮ್’ ಎಂಬ ಆಲ್ಬಂ ಕುರಿತು ಬರೆದಿದ್ದೇನೆ. ಸ್ಯಾನ್ ಡಿಯಾಗೊದ ‘ಡ್ರೈವ್ ಲೈಕ್ ಜೇಹು’ ತಂಡದ್ದು, 1994ರಲ್ಲಿ ಬಂದದ್ದು. ಇಂಟರ್‌ಸ್ಕೋಪ್‌ನಂಥ ದೊಡ್ಡ ಕಂಪನಿ ಹೊರತಂದರೂ ಆಗ ಕೇಳಿದವರು ಕಡಿಮೆ. ಡ್ರಮ್ಸ್ ನುಡಿಸಿದ ಮಾರ್ಕ್ ಟ್ರಾಂಬಿನೊ ಮುಂದೆ ಜಿಮ್ಮಿ ಈಟ್ ವರ್ಲ್ಡ್, ಬ್ಲಿಂಕ್-182 ತಂಡಗಳ ಆಲ್ಬಂಗಳಿಗೆ ನಿರ್ಮಾಪಕರಾಗಿ ಹೆಸರು ಮಾಡಿದರು. ಈ ಆಲ್ಬಂ ಮಾತ್ರ ಬಲ್ಲವರ ನಡುವೆಯೇ ಉಳಿಯಿತು.

ಶೀರ್ಷಿಕೆಯ ಕೆಳಗಿನ ಸಾಲಿನಲ್ಲಿ ‘ಪೋಸ್ಟ್-ಹಾರ್ಡ್‌ಕೋರ್’ ಎಂಬ ಈ ರಾಕ್ ಸಂಗೀತ ಪ್ರಕಾರದ ಹೆಸರು ಬರಬೇಕು. ಇಂಗ್ಲಿಷ್ ಪದವನ್ನು ಇಡಿಯಾಗಿ ಹಾಕಬೇಡಿ ಎಂದು ಸಂಪಾದಕರು ಹೇಳಿದ್ದಾರೆ. ‘ಉತ್ತರ ಹಾರ್ಡ್‌ಕೋರ್’ ನಡೆದೀತೆ? ಜೊತೆಗೆ, ತಂಡದ ಹೆಸರಿನಲ್ಲಿರುವುದು ಬೈಬಲಿನ ಅರಸುಗಳ ಎರಡನೆಯ ಗ್ರಂಥದಲ್ಲಿ ಹುಚ್ಚು ವೇಗದಲ್ಲಿ ರಥ ಓಡಿಸುವ ಯೇಹು. ಕನ್ನಡ ಬೈಬಲಿನಂತೆ ‘ಯೇಹು’ ಎನ್ನಬೇಕೋ, ‘ಜೇಹು’ ಎಂದೇ ಬಿಡಬೇಕೋ?

———

ನಡೆಯದು. ಉತ್ತರ ಕನ್ನಡ, ಉತ್ತರ ಭಾರತ ಎಂದು ಓದಿ ರೂಢಿಯಾದ ಕಣ್ಣಿಗೆ ಇದು ದಿಕ್ಕಾಗಿಯೇ ಕಾಣುತ್ತದೆ. ‘ಹಾರ್ಡ್‌ಕೋರೋತ್ತರ’ ಎಂದು ಮುಂದೆ ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಕನ್ನಡಕ್ಕೂ ಸಂಸ್ಕೃತಕ್ಕೂ ಸಮಾಸ ಮಾಡಿದರೆ ಅರಿಸಮಾಸ, ಕೇಶಿರಾಜ ಬಿರುದುಗಳಂಥ ಕೆಲವಕ್ಕೆ ಬಿಟ್ಟರೆ ಒಪ್ಪಲಿಲ್ಲ. ಇಂಗ್ಲಿಷಿಗೂ ಸಂಸ್ಕೃತಕ್ಕೂ ಸಮಾಸ ಮಾಡುವುದನ್ನು ನಾವು ಒಪ್ಪಬೇಕೆ? ‘ಗಟ್ಟಿತಿರುಳು’ ಎನ್ನಿ, ಅದರ ಬಳಿಕದ್ದು ‘ಗಟ್ಟಿತಿರುಳ ಬಳಿಕದ ಹಾಡು’. ಅಚ್ಚಗನ್ನಡ, ಯಾರಿಗೂ ತಿಳಿಯುತ್ತದೆ.

———

ತಿರುಳು ತಪ್ಪು. ಬ್ರಿಟಿಷ್ ಇಂಗ್ಲಿಷಿನಲ್ಲಿ ಹಾರ್ಡ್‌ಕೋರ್ ಎಂದರೆ ಹತ್ತೊಂಬತ್ತನೆಯ ಶತಮಾನದಿಂದ ಇಟ್ಟಿಗೆ ಚೂರು, ಕಲ್ಲಿನ ಚೂರು. ರಸ್ತೆಗೂ ತಳಪಾಯಕ್ಕೂ ತುಂಬುವ ಸಾಮಗ್ರಿ. ನಮ್ಮ ಜಲ್ಲಿಗೆ ಹತ್ತಿರ. ಈ ಸಂಗೀತದ ಒರಟು ಸದ್ದಿಗೆ ತಿರುಳಿಗಿಂತ ಜಲ್ಲಿಯೇ ಸರಿ. ಪದ ಕಟ್ಟುವವರು ಮೊದಲು ಅದರ ಬೇರನ್ನು ನೋಡಬೇಕು.

———

ಪ್ರಶ್ನೆ ಕೇಳಿದವನು ಮತ್ತೆ ಬರೆಯುತ್ತಿದ್ದೇನೆ. ಸಂಗೀತಗಾರರು ಈ ಹೆಸರನ್ನು ತಳಪಾಯದಿಂದ ಎತ್ತಿಕೊಂಡಿಲ್ಲ. ಕೆನಡಾದ ಡಿ.ಓ.ಎ. ತಂಡ 1981ರಲ್ಲಿ ತನ್ನ ಆಲ್ಬಂಗೆ ‘ಹಾರ್ಡ್‌ಕೋರ್ ’81’ ಎಂದು ಹೆಸರಿಟ್ಟ ಮೇಲೆ ಪದ ಹರಡಿತು. ವೇಗದ, ಚುಟುಕಾದ, ಅರಚಿ ಹಾಡುವ ಪಂಕ್ ರಾಕ್ ಎಂದು ಅರ್ಥ. ಎಂಬತ್ತರ ದಶಕದ ನಡುವೆ ವಾಷಿಂಗ್ಟನ್ ಡಿ.ಸಿ.ಯಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್, ಅನಂತರ ಫುಗಾಜಿ ಆ ಚೌಕಟ್ಟನ್ನು ಹಿಗ್ಗಿಸಿದವು. ಹಾರ್ಡ್‌ಕೋರ್ ಮುಗಿಯಲಿಲ್ಲ, ಇಂದಿಗೂ ನಡೆದಿದೆ. ಆದ್ದರಿಂದ ‘ಬಳಿಕ’ ಎಂದರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ.

‘ಯಾಂಕ್ ಕ್ರೈಮ್’ ಕೇಳಿದರೆ ಇದು ಗೊತ್ತಾಗುತ್ತದೆ. ರಿಕ್ ಫ್ರೋಬರ್ಗ್ ಅವರ ಗಂಟಲು ಪೂರ್ತಿ ಹಾರ್ಡ್‌ಕೋರ್: ಪದ ಹರಿದುಹೋಗುವಂಥ ಕಿರುಚು, ಎಲ್ಲೂ ತಗ್ಗುವುದಿಲ್ಲ. ಆದರೆ ಹಾಡುಗಳ ಅಳತೆ ನೋಡಿ. ‘ಲುವಾವ್’, ‘ಸಿನ್ಯೂಸ್’ ಎರಡೂ ಒಂಬತ್ತು ನಿಮಿಷ ದಾಟುತ್ತವೆ. ಫ್ರೋಬರ್ಗ್ ಮತ್ತು ಜಾನ್ ರೀಸ್ ಅವರ ಎರಡು ಗಿಟಾರ್‌ಗಳು ಒಂದೇ ಮಾತನ್ನು ನುಡಿಯುವುದಿಲ್ಲ. ಒಂದು ಹಿಡಿದದ್ದನ್ನು ಬಿಡದೆ ಸುತ್ತುತ್ತಿದ್ದರೆ ಇನ್ನೊಂದು ಅದನ್ನು ಕೆರೆಯುತ್ತ, ತಡೆಯುತ್ತ ಹೋಗುತ್ತದೆ. ‘ಡು ಯು ಕಂಪ್ಯೂಟ್’ ಏಳು ನಿಮಿಷ ಬಿಗಿಯುತ್ತಲೇ ಇರುತ್ತದೆ. ಕೋಪವನ್ನು ಇಷ್ಟು ಹೊತ್ತು ಕೈಜಾರದಂತೆ ಹಿಡಿದಿಟ್ಟ ಆಲ್ಬಂಗಳು ವಿರಳ. ಫ್ರೋಬರ್ಗ್ 2023ರಲ್ಲಿ ತೀರಿಕೊಂಡರು. ಈಗಲಾದರೂ ಇದನ್ನು ಗಮನವಿಟ್ಟು ಕೇಳಬೇಕು ಎಂಬ ಕಾರಣಕ್ಕೇ ಬರೆಯುತ್ತಿದ್ದೇನೆ. ತಿರುಳು, ಜಲ್ಲಿ ಎರಡೂ ಬೇಡ.

———

ಹಾಗಾದರೆ ‘ಹಾರ್ಡ್‌ಕೋರೋತ್ತರ’ವೇ ಸರಿ. ನಮ್ಮ ವಿಮರ್ಶಕರು ‘ವಸಾಹತೋತ್ತರ’ ಎನ್ನುವುದು ವಸಾಹತಿನ ಪ್ರಭಾವ ತೀರಿತು ಎಂದಲ್ಲ. ಅದು ಇನ್ನೂ ಒಳಗೇ ಹರಿಯುತ್ತಿರುವ ಸ್ಥಿತಿಯನ್ನು ಹೇಳುವುದಕ್ಕೆ. ನಿಮಗೆ ಬೇಕಾದದ್ದು ಆ ‘ಉತ್ತರ’. ಸಮಾಸದ ಕೊನೆಗೆ ಬಂದರೆ ದಿಕ್ಕಿನ ಗೊಂದಲವೂ ಇಲ್ಲ. ಇನ್ನು ಅರಿಸಮಾಸ: ‘ಜಿಲ್ಲಾಧಿಕಾರಿ’ಯಲ್ಲಿ ಜಿಲ್ಲಾ ಅರಬಿ ಮೂಲದ್ದು, ಅಧಿಕಾರಿ ಸಂಸ್ಕೃತ, ನಡುವೆ ಸವರ್ಣದೀರ್ಘ ಸಂಧಿ. ‘ಲಾಠಿಪ್ರಹಾರ’ ಪತ್ರಿಕೆಗಳಲ್ಲಿ ಸಾಮಾನ್ಯ. ಯಾವ ಓದುಗ ಎಡವಿದ್ದಾನೆ?

———

ರೂಢಿಯಾದ ದೋಷವನ್ನು ತೋರಿಸಿ ಹೊಸ ದೋಷಕ್ಕೆ ಅಪ್ಪಣೆ ಕೊಡುವುದು ವಾದವಲ್ಲ. ತುಪ್ಪಕ್ಕೆ ಎಣ್ಣೆ ಬೆರೆಸಬೇಡಿ ಎಂದು ನಯಸೇನ ಹನ್ನೆರಡನೆಯ ಶತಮಾನದಲ್ಲೇ ಹೇಳಿದ. ನಾವು ಬೆರೆಸುತ್ತಲೇ ಬಂದೆವು. ಈಗ ಕನ್ನಡದಲ್ಲಿ ಹೊಸ ಪದ ಕಟ್ಟುವ ಶಕ್ತಿಯೇ ಇಲ್ಲ ಎಂದು ಮಕ್ಕಳು ನಂಬಿದ್ದಾರೆ. ಇದು ಒಂದು ಆಲ್ಬಂನ ಪ್ರಶ್ನೆ ಅಲ್ಲ.

———

ಇದು ಒಂದು ಆಲ್ಬಂನ ಪ್ರಶ್ನೆಯೇ. ಆಂಡಯ್ಯನೂ ಸಂಸ್ಕೃತ ಪದಗಳನ್ನು ತದ್ಭವ ಮಾಡಿಕೊಂಡೇ ‘ಕಬ್ಬಿಗರ ಕಾವ’ ಬರೆದ; ಕಡ ತಂದದ್ದನ್ನು ಕನ್ನಡದ ಬಾಯಿಗೆ ಒಗ್ಗಿಸಿದ. ಬಾಗಿಲು ಹಾಕಲಿಲ್ಲ. ಶಕ್ತಿ ಎಂದರೆ ಅದು.

———

ಆಲ್ಬಂ ಏಕೆ? ‘ಧ್ವನಿಸುರುಳಿ’ ಇದೆಯಲ್ಲ?

———

ಸುರುಳಿ ಎಂದರೆ ಕ್ಯಾಸೆಟ್. ಆಲ್ಬಂ ಇರಲಿ.

ಹೆಸರಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ತಂಡದ ಹೆಸರನ್ನು ‘ಜೇಹು’ ಎಂದೇ ಬಿಡಿ, ಅವರು ಕರೆದುಕೊಂಡದ್ದು ಹಾಗೆ. ಅರ್ಥ ಹೇಳುವ ವಾಕ್ಯದಲ್ಲಿ ‘ಯೇಹು’ ಎಂದು ಬರೆಯಿರಿ, ಕನ್ನಡ ಬೈಬಲ್ ಓದಿದವರು ತಕ್ಷಣ ಹಿಡಿಯುತ್ತಾರೆ. ಮೊದಲ ಹಾಡು ‘ಹಿಯರ್ ಕಮ್ ದ ರೋಮ್ ಪ್ಲೌಸ್’ ಅನ್ನು ಅನುವಾದಿಸಲು ಹೋದರೆ ‘ರೋಮಿನ ನೇಗಿಲು’ ಎಂದು ಬರೆಯಬೇಡಿ. ಅದು ವಿಯೆಟ್ನಾಂನಲ್ಲಿ ಅಮೆರಿಕದ ಸೇನೆ ಕಾಡು ಕಡಿಯಲು ಬಳಸಿದ ಬುಲ್ಡೋಜರ್. ಇಟಲಿಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಬಂದದ್ದು ಜಾರ್ಜಿಯಾ ರಾಜ್ಯದ ರೋಮ್ ಎಂಬ ಊರಿನಿಂದ.

———

‘ಹಾರ್ಡ್‌ಕೋರೋತ್ತರ’ ಎಂದು ಬರೆದು ಕಳುಹಿಸುತ್ತಿದ್ದೇನೆ. ಜೇಹು, ಯೇಹು ಎರಡೂ ಹೇಳಿದಂತೆಯೇ ಇವೆ. ರೋಮ್ ಪ್ಲೌಗೆ ಒಂದು ವಾಕ್ಯದ ವಿವರಣೆ ಸೇರಿಸಿದೆ. ವಂದನೆಗಳು.