ಏರ್ ರೈಫಲ್ ಸ್ಕೋಪ್: ಆನ್‌ಲೈನ್‌ನಲ್ಲಿ ಅಸಲಿ-ನಕಲಿ ಹೇಗೆ ಗುರುತಿಸೋದು?

ಗುಬ್ಬಿ_ತೋಟ:
.177 ಇಂಚು ಗುಂಡಿನ ಸ್ಪ್ರಿಂಗ್ ಏರ್ ರೈಫಲ್‌ಗೆ 3-9x40 ಸ್ಕೋಪ್ (3ರಿಂದ 9 ಪಟ್ಟು ಜೂಮ್, ಮುಂದಿನ ಗಾಜು 40 ಮಿ.ಮೀ.) ಬೇಕು. ಪೇಪರ್ ಟಾರ್ಗೆಟ್‌ಗೆ ಮಾತ್ರ, 10ರಿಂದ 25 ಮೀಟರ್. ಆನ್‌ಲೈನ್‌ನಲ್ಲಿ ಲ್ಯೂಪೋಲ್ಡ್ ಕಂಪನಿಯದ್ದು ಅಂತ ಒಂದು 4,500ಕ್ಕೆ, ಇಯೋಟೆಕ್ ಕಂಪನಿಯ ಹೋಲೋ ಸೈಟ್ ಅಂತ ಇನ್ನೊಂದು 3,000ಕ್ಕೆ ಇದೆ. ತುಮಕೂರಿಗೆ ಡೆಲಿವರಿ, ರಿಟರ್ನ್‌ಗೆ 7 ದಿನ. ಬಂದ ಮೇಲೆ ಏನೇನು ನೋಡ್ಬೇಕು?

ಶಿರಾಗೇಟ್:
ಇಯೋಟೆಕ್ ಆ ಬೆಲೆಗೆ ನಕಲಿಯೇ, ಪೆಟ್ಟಿಗೆ ಬಿಚ್ಚೋದೂ ಬೇಡ. ಅಸಲಿಯಲ್ಲಿ ಲೇಸರ್ ಬೆಳಕು ಹೋಲೋಗ್ರಾಮ್ ಮೇಲೆ ಬಿದ್ದು ಗುರುತು ಮೂಡುತ್ತೆ, ನಕಲಿಯಲ್ಲಿ ಬರೀ ಎಲ್‌ಇಡಿ. ಒಂದೇ ಸೈಟ್‌ನಲ್ಲಿ ಕೆಂಪು, ಹಸಿರು ಎರಡಕ್ಕೂ ಸ್ವಿಚ್ ಇದ್ರೆ ಅಲ್ಲಿಗೆ ತೀರ್ಮಾನ ಆಯ್ತು.

ಲ್ಯೂಪೋಲ್ಡ್ ಆದ್ರೆ ದುಡ್ಡು ಕಟ್ಟೋ ಮೊದಲೇ ಸೀರಿಯಲ್ ನಂಬರಿನ ಫೋಟೊ ಕೇಳಿ, ಕಂಪನಿಗೇ ಬರೆದು ವಿಚಾರಿಸಿ. ಆ ನಂಬರು ಯಾವ ಮಾಡೆಲ್‌ದು ಅಂತಾನೂ ಕೇಳಿ. ಅಸಲಿ ನಂಬರ್ ಒಂದನ್ನೇ ಎಷ್ಟು ನಕಲಿಗಾದ್ರೂ ಕೆತ್ತಬಹುದು. ಹೆಸರೇ ಇಲ್ಲದ "3-9x40ಇಜಿ" ಥರದ್ದು ಅಗ್ಗದ ಮಾಲು ಇರಬಹುದು, ಆದ್ರೆ ಅದನ್ನ ನಕಲಿ ಅನ್ನೋಕಾಗಲ್ಲ.

ಬಂಗಾರಪೇಟೆ_177:
ಮೊದಲ ದಿನವೇ ರೈಫಲ್‌ಗೆ ಕೂರಿಸಬೇಡಿ. ಟ್ಯೂಬ್ ಮೇಲೆ ಮೌಂಟ್‌ನ (ಸ್ಕೋಪನ್ನ ರೈಫಲ್‌ಗೆ ಹಿಡಿದಿಡೋ ಭಾಗ) ರಿಂಗ್ ಗುರುತು ಬಿದ್ರೆ ರಿಟರ್ನ್ ತಗೊಳ್ಳಲ್ಲ. ಕೂರಿಸದೇನೇ ಇಷ್ಟು ನೋಡಬಹುದು.

9x ಇಟ್ಟು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡೋ ಕಡೆ ಬಿಳಿ ಹಾಳೆ ಹಿಡಿದು, ದೂರ ಹೊಂದಿಸಿ. ಬೀಳೋ ಬೆಳಕಿನ ಚುಕ್ಕಿ ಅತಿ ಸಣ್ಣದಾಗಿ, ಅಂಚು ಸ್ಪಷ್ಟ ಆದಾಗ ಅಳೀರಿ. 40ನ್ನ 9ರಿಂದ ಭಾಗಿಸಿದ್ರೆ 4.4 ಮಿ.ಮೀ. ಬರಬೇಕು. 3.3 ಬಂದ್ರೆ ಕೆಲಸ ಮಾಡ್ತಿರೋದು 30 ಮಿ.ಮೀ. ಗಾಜು ಮಾತ್ರ, ಇಲ್ಲಾ ಜೂಮ್ ಅಂಕಿ ಸುಳ್ಳು.

ಆಮೇಲೆ ಮರಳಿನ ಚೀಲದ ಮೇಲೆ ಅಲುಗದ ಹಾಗೆ ಕೂರಿಸಿ, 10 ಮೀಟರ್ ಆಚೆ ಗ್ರಾಫ್ ಹಾಳೆ ಅಂಟಿಸಿ. ಗುರಿ ಹೊಂದಿಸೋ ತಿರುಪಿನ ಒಂದೊಂದು ಕ್ಲಿಕ್ ಕಾಲು ಎಂಒಎ (ಒಂದು ಎಂಒಎ ಅಂದ್ರೆ ಡಿಗ್ರಿಯ 60ನೇ ಒಂದು ಭಾಗ) ಆದ್ರೆ 40 ಕ್ಲಿಕ್‌ಗೆ ಗುರಿ ಸುಮಾರು 29 ಮಿ.ಮೀ. ಸರಿಯಬೇಕು, 40 ವಾಪಸ್ ತಿರುಗಿಸಿದ್ರೆ ಹೊರಟ ಗೆರೆಗೇ ಬರಬೇಕು. ಕಳಪೆ ಸ್ಕೋಪ್ ಸಿಕ್ಕಿಬೀಳೋದು ಹೆಚ್ಚಾಗಿ ವಾಪಸ್ ಬರುವಾಗಲೇ: ಒಳಗಿನ ಸ್ಪ್ರಿಂಗ್ ದುರ್ಬಲ, ಸ್ಕ್ರೂ ಸಡಿಲ. ಕಣ್ಣು ನಡುವೆಯೇ ಇರಲಿ, ಇಲ್ಲಾಂದ್ರೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯೂ ಸರಿದ ಹಾಗೆ ಕಾಣೋದು) ಲೆಕ್ಕ ಕೆಡಿಸುತ್ತೆ.

ಕೊನೆಗೆ ಫ್ರಿಜ್‌ನಲ್ಲಿ (ಫ್ರೀಜರ್ ಅಲ್ಲ) ಅರ್ಧ ಗಂಟೆ ಇಟ್ಟು ತೆಗೀರಿ. ಹೊರಗಾಜಿಗೆ ಮಂಜು ಕಟ್ಟೋದು ಸಹಜ. ಒರೆಸಿದ ಮೇಲೂ ಒಳಗೆ ಉಳಿದ್ರೆ ಸೀಲ್ ಸರಿಯಿಲ್ಲ.

ಇನ್ನೊಂದು, ಅಸಲಿಯಾದ್ರೂ ದೊಡ್ಡ ರೈಫಲ್‌ನ ಸ್ಕೋಪ್ ನಿಮಗೆ ಆಗಿಬರಲ್ಲ. ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಎಗರುತ್ತೆ. ಆ ಮುಂದಿನ ಎಗರಾಟಕ್ಕೇ ಒಳಗಿನ ಲೆನ್ಸ್ ಕದಲೋದು. ಅಂಥವುಗಳ ಪ್ಯಾರಲಾಕ್ಸ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರ್ತಾರೆ, 10 ಮೀಟರಿಗೆ ಮಸುಕು. ಸ್ಪ್ರಿಂಗ್ ಏರ್‌ಗನ್ ತಡೆಯುತ್ತೆ ಅಂತ ಬರೆದಿರೋ, 10 ಗಜದವರೆಗೆ ಫೋಕಸ್ ಇಳಿಯೋ ಎಒ (ದೂರಕ್ಕೆ ತಕ್ಕಂತೆ ಮುಂದಿನ ಗಾಜು ಹೊಂದಿಸೋ) ಮಾಡೆಲ್ ನೋಡಿ. ಮೌಂಟ್ ಕೊಳ್ಳೋ ಮೊದಲು ರೈಫಲ್‌ನ ರೈಲ್ ಅಳೀರಿ, ಏರ್ ರೈಫಲ್‌ಗಳಲ್ಲಿ ಹೆಚ್ಚಾಗಿ 11 ಮಿ.ಮೀ. ಡವ್‌ಟೇಲ್ (ಓರೆ ಅಂಚಿನ ರೈಲ್).

ಗುಬ್ಬಿ_ತೋಟ:
ಲ್ಯೂಪೋಲ್ಡ್ ಆಸೆ ಬಿಟ್ಟೆ. ನಕಲಿ ಬಂದು ರಿಟರ್ನ್ ತಗೊಳ್ಳಲ್ಲ ಅಂದ್ರೆ?

ಶಿರಾಗೇಟ್:
ಪಾರ್ಸೆಲ್ ಬಿಚ್ಚೋದನ್ನ ವಿಳಾಸದ ಚೀಟಿಯಿಂದ ಹಿಡಿದು ಒಂದೇ ಉಸಿರಿಗೆ ವಿಡಿಯೊ ಮಾಡಿ. ಬಿಲ್‌ನ ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಆಮದು ಮಾಲಿನ ಪೆಟ್ಟಿಗೆ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು. ಇಲ್ಲದಿದ್ರೆ ಅದರದ್ದೂ ಫೋಟೊ ತೆಗೀರಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರಿದವರು ಎಲ್ಲೇ ಇದ್ರೂ ನೀವು ತುಮಕೂರಿನಲ್ಲೇ ಹಾಕಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ.