ಬಣ್ಣದ ವೇಷದ ರಾಕ್ಷಸ, 32 ಮಿ.ಮೀ: ಈ ಮಳೆಯಲ್ಲಿ ಪ್ರೈಮರ್ ಹೇಗೆ, ಚುಟ್ಟಿ ಹೇಗೆ?

ಬಸವನಗುಡಿ_ಡೈಸ್

ಎಲ್ಲರಿಗೂ ನಮಸ್ಕಾರ. ನಮ್ಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಮೇಜಿನ ಆಟ) ಗುಂಪಿಗಾಗಿ ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷದ ಮಾದರಿಯಲ್ಲಿ ಒಬ್ಬ ರಾಕ್ಷಸ ರಾಜ, ಅವನ ಜೊತೆಗೆ ಈಟಿ ಹಿಡಿದ ಆರು ಕಾಲಾಳುಗಳು, ಇಷ್ಟು ಪುಟ್ಟ ಗೊಂಬೆಗಳನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡ್ತಾ ಇದ್ದೀನಿ. ಕಾಲಾಳುಗಳು 32 ಮಿ.ಮೀ ಸ್ಕೇಲ್ (ಅಂದ್ರೆ ಆಳೆತ್ತರ ಸುಮಾರು 32 ಮಿ.ಮೀ), 25 ಮಿ.ಮೀ ಬೇಸ್ (ಕೆಳಗಿನ ಪೀಠ). ರಾಜನಿಗೆ 50 ಮಿ.ಮೀ ಬೇಸ್, ಮುಖ ಸುಮಾರು 8 ಮಿ.ಮೀ ಎತ್ತರ. ರೆಸಿನ್ (ಬೆಳಕಿಗೆ ಗಟ್ಟಿಯಾಗೋ ದ್ರವ ಪ್ಲಾಸ್ಟಿಕ್) ಬಳಸೋ 3ಡಿ ಪ್ರಿಂಟರ್‌ನಲ್ಲಿ ತೆಗೆಯೋದು.

ಕೇಳಬೇಕಾಗಿರೋದು ಮೂರು. ಈಟಿ ಮತ್ತು ಮುಖದ ಚುಟ್ಟಿ (ವೇಷದ ಮುಖದ ಮೇಲೆ ಇಡೋ ಬಿಳಿ ಮುಳ್ಳಿನಂಥ ಉಬ್ಬು) ಎಷ್ಟು ದಪ್ಪ ಇಟ್ಟರೆ ಪ್ರಿಂಟ್ ಆಗಿ, ಬಣ್ಣ ಬಳಿದ ಮೇಲೂ ಕಾಣುತ್ತೆ? ಬೆಂಗಳೂರಿನ ಈ ಜುಲೈ ಹವೆಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಹಾಕೋ ತಳದ ಲೇಪ) ನಂಬಬಹುದಾ? ಬಣ್ಣ, ಕುಂಚ ಎರಡಕ್ಕೂ ಸೇರಿ 3,000 ರೂಪಾಯಿ ಇದೆ, ಮೊದಲು ಯಾವುದಕ್ಕೆ ಹಾಕಬೇಕು?

ಪದರ_ಪದರ

ಮೊದಲು ಡಿಸೈನ್ ಸರಿ ಮಾಡ್ಕೊಳ್ಳಿ. ಅಲ್ಲಿ ಉಳಿದ ಕೊರತೆಯನ್ನು ಕುಂಚದಲ್ಲಿ ತುಂಬೋಕೆ ಆಗಲ್ಲ.

ನಿಜವಾದ ಈಟಿಯ ಕೋಲು 3 ಸೆಂ.ಮೀ ದಪ್ಪ ಅಂದ್ಕೊಂಡರೆ ಈ ಸ್ಕೇಲ್‌ನಲ್ಲಿ ಅದು ಅರ್ಧ ಮಿ.ಮೀ ಬರುತ್ತೆ. ಅಷ್ಟು ಸಣ್ಣ ರೆಸಿನ್ ಕಡ್ಡಿ ಸಪೋರ್ಟ್ (ಪ್ರಿಂಟ್ ಆಗುವಾಗ ಆಧಾರಕ್ಕಿರೋ ಕಡ್ಡಿಗಳು) ಕೀಳುವಾಗಲೇ ಮುರಿಯುತ್ತೆ. ಕನಿಷ್ಠ 1 ಮಿ.ಮೀ ಇಡಿ. ಅದಕ್ಕಿಂತ ಒಳ್ಳೇ ದಾರಿ ಅಂದ್ರೆ ಕೋಲನ್ನು ಪ್ರಿಂಟ್ ಮಾಡದೇ ಇರೋದು. ಮುಷ್ಟಿಯಲ್ಲಿ 1.2 ಮಿ.ಮೀ ತೂತು ಬಿಡಿ, ಈಟಿಯ ಮೊನೆ ಮಾತ್ರ ಪ್ರಿಂಟ್ ಮಾಡಿ, ಕೋಲಿಗೆ 1 ಮಿ.ಮೀ ಹಿತ್ತಾಳೆ ತಂತಿ ತೂರಿಸಿ. ರೆಸಿನ್‌ನಲ್ಲಿ ತೂತು ಯಾವಾಗಲೂ ಸ್ವಲ್ಪ ಕಿರಿದಾಗಿಯೇ ಬರುತ್ತೆ, ಅದನ್ನು ಬಿಡಿಸೋಕೆ ಅಕ್ಕಸಾಲಿಗರು ಬಳಸುವ ಕೈ ಡ್ರಿಲ್ ಬೇಕು. ನಗರ್ತಪೇಟೆ, ಅವೆನ್ಯೂ ರೋಡ್ ಕಡೆ ಒಡವೆ ಕೆಲಸದ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ತಂತಿ ಸೊಟ್ಟಗಿದ್ದರೆ ಎರಡು ಟೈಲ್ಸ್ ನಡುವೆ ಇಟ್ಟು ಉರುಳಿಸಿ, ನೆಟ್ಟಗಾಗುತ್ತೆ.

ಚುಟ್ಟಿ ವಿಷಯಕ್ಕೆ ಬರೋಣ. ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಸಾಲುಸಾಲಾಗಿ, ಒತ್ತೊತ್ತಾಗಿ ಇರುತ್ತೆ. ಅದನ್ನೇ ಅಳತೆಗೆ ಇಳಿಸಿದರೆ ಒಂದೊಂದು ಮುಳ್ಳೂ 0.1 ಮಿ.ಮೀಗಿಂತ ಕಡಿಮೆಯಾಗುತ್ತೆ. ನಿಮ್ಮ ಪ್ರಿಂಟರ್ ಪಿಕ್ಸೆಲ್ 0.05 ಮಿ.ಮೀ ಇದ್ದರೂ ಅಲ್ಲಿ ಬರೋದು ಒಂದು ಮಸುಕಾದ ಉಬ್ಬು ಮಾತ್ರ, ಪ್ರೈಮರ್ ಹಾಕಿದ ಮೇಲೆ ಅದೂ ಇಲ್ಲ. ಪ್ರತಿ ಚುಟ್ಟಿ 0.3 ಮಿ.ಮೀ ಅಗಲ, 0.3 ಎತ್ತರ, ನಡುವೆ 0.3 ಸಂದು ಇರಲಿ. ಹಾಗೆ ಮಾಡಿದರೆ ಕೆನ್ನೆಯ ಮೇಲೆ ಮೂರು ಸಾಲು ಹಿಡಿಸಲ್ಲ. ಒಂದೇ ಸಾಲು ಇಡಿ, ಮೂಗಿನ ತುದಿಯ ಉಂಡೆಯನ್ನು ಬೇಕಂತಲೇ ದೊಡ್ಡದು ಮಾಡಿ. ಮೇಜಿನ ಮೇಲೆ ಎರಡು ಅಡಿ ದೂರದಿಂದ ನೋಡಿದಾಗ ವೇಷ ಗುರುತಾಗೋದು ಚುಟ್ಟಿಯ ಎಣಿಕೆಯಿಂದಲ್ಲ, ಮುಖದ ಸುತ್ತ ಕಾಣುವ ಆ ಬಿಳಿ ಅಂಚಿನಿಂದ.

ಪ್ರಿಂಟ್ ಮಾಡುವಾಗ ಗೊಂಬೆಯನ್ನು 30–45 ಡಿಗ್ರಿ ಹಿಂದಕ್ಕೆ ವಾಲಿಸಿ, ಸಪೋರ್ಟ್ ಎಲ್ಲಾ ಬೆನ್ನಿನ ಕಡೆ ಬೀಳಲಿ. ಕಾಲಾಳುಗಳು ಗಟ್ಟಿಯಾಗೇ ಇರಲಿ. ರಾಜನ ಒಳಗೆ ಟೊಳ್ಳು ಮಾಡೋದಾದ್ರೆ 2–3 ಮಿ.ಮೀ ಅಗಲದ ತೂತು ಕನಿಷ್ಠ ಎರಡು ಬೇಕು, ಸಿರಿಂಜಿನಿಂದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಯಿಸಿ ಒಳಗಡೆಯೂ ತೊಳೀಬೇಕು. ಒಳಗೆ ಹಸಿ ರೆಸಿನ್ ಉಳಿದರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೈ ಬಿರಿದು ಜಿನುಗೋಕೆ ಶುರುವಾಗುತ್ತೆ, ಅಷ್ಟೊತ್ತಿಗೆ ಬಣ್ಣವೂ ಆಗಿರುತ್ತೆ.

ತೊಳೆಯೋಕೆ ಎರಡು ಡಬ್ಬ ಐಪಿಎ ಇರಲಿ: ಮೊದಲನೆಯದರಲ್ಲಿ 2–3 ನಿಮಿಷ, ಶುಚಿಯಾಗಿರೋ ಎರಡನೆಯದರಲ್ಲಿ ಮತ್ತೆ ಅಷ್ಟೇ. ಆಮೇಲೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಸಪೋರ್ಟ್ ಮೆತ್ತಗಾಗಿ ಗುಳಿ ಬೀಳದೆ ಬರುತ್ತೆ. ಇದನ್ನು ಯುವಿ ಬೆಳಕಿಗೆ ಇಟ್ಟು ಗಟ್ಟಿ ಮಾಡುವ ಮುಂಚೆಯೇ ಮಾಡಿ. ಪೂರ್ತಿ ಒಣಗದೆ ಯುವಿಗೆ ಇಟ್ಟರೆ ಬಿಳಿ ಕಲೆ ಬೀಳುತ್ತೆ. ಮಳೆಗಾಲದಲ್ಲಿ ಒಣಗೋಕೆ ಒಂದು ಗಂಟೆಯಾದರೂ ಬಿಡಿ, ಟೇಬಲ್ ಫ್ಯಾನ್ ಮುಂದೆ ಇಟ್ಟರೆ ಇನ್ನೂ ಒಳ್ಳೇದು. ನೈಟ್ರೈಲ್ ಗ್ಲೌಸ್ ಕಡ್ಡಾಯ. ಕೊಳಕಾದ ಐಪಿಎಯನ್ನು ಸಿಂಕಿಗೆ ಸುರೀಬೇಡಿ. ಗಾಜಿನ ಬಾಟಲಿಯಲ್ಲಿ ಮುಚ್ಚಿ ಬಿಸಿಲಿಗಿಟ್ಟರೆ ರೆಸಿನ್ ಗಟ್ಟಿಯಾಗಿ ತಳ ಸೇರುತ್ತೆ, ಸೋಸಿ ಮತ್ತೆ ಬಳಸಬಹುದು.

ಕಪ್ಪು_ಪ್ರೈಮರ್

ಸ್ಪ್ರೇ ಪ್ರಶ್ನೆಗೆ ನೇರ ಉತ್ತರ: ಜುಲೈನಲ್ಲಿ ಬೇಡ, ಕುಂಚದಲ್ಲೇ ಬಳಿಯಿರಿ.

ಕಾರಣ ಇದು. ಸ್ಪ್ರೇಯಲ್ಲಿರೋ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ಕೂತು ಪ್ರೈಮರ್ ಮಂಕಾಗುತ್ತೆ, ಇಲ್ಲಾ ಬೂದಿ ಹಿಡಿದ ಹಾಗೆ ಒಣಗುತ್ತೆ. ಇಲ್ಲಿ ಮಳೆಗಾಲದ ಬೆಳಿಗ್ಗೆ ತೇವಾಂಶ ಶೇ 80 ದಾಟೋದು ಮಾಮೂಲಿ. ಹೊಡೆಯಲೇಬೇಕು ಅಂತಿದ್ದರೆ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯೋ ಮೀಟರ್) ತಗೊಂಡು, ಮಳೆ ಬಿಟ್ಟ ಮಧ್ಯಾಹ್ನ 2ರಿಂದ 4ರೊಳಗೆ, ಶೇ 65ಕ್ಕಿಂತ ಕೆಳಗಿದ್ದಾಗ ಮಾತ್ರ ಹೊಡೀರಿ. ಕ್ಯಾನ್ ಎರಡು ನಿಮಿಷ ಅಲ್ಲಾಡಿಸಿ, 20–25 ಸೆಂ.ಮೀ ದೂರದಿಂದ ಬೀಸಿದ ಹಾಗೆ ಹೊಡೆಯಿರಿ, ಒಂದೇ ಜಾಗಕ್ಕೆ ಹಿಡೀಬೇಡಿ. ಅದಕ್ಕಿಂತ ದೂರ ಹೋದರೆ ಹನಿ ಗಾಳಿಯಲ್ಲೇ ಒಣಗಿ ಉಪ್ಪುಕಾಗದದಂಥ ಮೇಲ್ಮೈ ಬರುತ್ತೆ. ಒರಟಾದಾಗ ಎಲ್ಲರೂ ತೇವಾಂಶವನ್ನೇ ದೂರ್ತಾರೆ, ಆದರೆ ಎಷ್ಟೋ ಸಲ ಕಾರಣ ಈ ದೂರವೇ.

ಜೆಸಿ ರೋಡ್‌ನಲ್ಲಿ ಗಾಡಿಗಳಿಗೆ ಮಾರುವ ಗ್ರೇ ಪ್ರೈಮರ್ ರೆಸಿನ್ ಮೇಲೆ ಹಿಡಿಯುತ್ತೆ, ಆದರೆ ದಪ್ಪ ಕೂರುತ್ತೆ. 0.3 ಮಿ.ಮೀ ಚುಟ್ಟಿಗೆ ಅದು ಆಗಿಬರಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಗೊಂಬೆಗಂತೂ ಹೊಡೀಲೇಬೇಡಿ, ಮೈ ಕರಗಬಹುದು.

ವಲ್ಲೆಹೋ ಕಂಪನಿಯ ಸರ್ಫೇಸ್ ಪ್ರೈಮರ್ ಗ್ರೇ ತಗೊಂಡು, ನೀರು ಬೆರೆಸದೆ, ಮೆತ್ತನೆ ಸಿಂಥೆಟಿಕ್ ಕುಂಚದಲ್ಲಿ ಎರಡು ತೆಳು ಕೋಟ್ ಕೊಡಿ. ಬಳಿದ ಅರ್ಧ ನಿಮಿಷದ ಮೇಲೆ ಅದೇ ಜಾಗಕ್ಕೆ ವಾಪಸ್ ಹೋಗಬೇಡಿ, ಗೆರೆ ಬೀಳುತ್ತೆ. ಗುಂಡಿಗಳಲ್ಲಿ ನಿಂತದ್ದನ್ನು ಒಣ ಕುಂಚದ ತುದಿಯಿಂದ ಹೀರಿಸಿ. ಅದು ಪಾಲಿಯುರೆಥೇನ್ ಪ್ರೈಮರ್, ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬೇಕು. ಅದಕ್ಕೂ ಮುಂಚೆ ಉಗುರು ತಗುಲಿದರೆ ಪೊರೆಯ ಹಾಗೆ ಸುಲಿದು ಬರುತ್ತೆ. ಉಜ್ಜೋದು, ಕೆರೆಯೋದು ಏನಿದ್ದರೂ ಪ್ರೈಮರ್‌ಗೆ ಮುಂಚೆಯೇ ಮುಗಿಸಿ.

ಬಸವನಗುಡಿ_ಡೈಸ್

ತುಂಬಾ ಧನ್ಯವಾದ, ಇಬ್ಬರಿಗೂ. ಚುಟ್ಟಿ ಒಂದೇ ಸಾಲಿಗೆ ಇಳಿಸ್ತೀನಿ. ಇನ್ನೊಂದು ಕೇಳ್ತೀನಿ: ಪ್ರೈಮರ್ ಅಥವಾ ಬಣ್ಣ ಕೆಟ್ಟರೆ ರೆಸಿನ್ ಹಾಳಾಗದ ಹಾಗೆ ತೆಗೆಯೋದು ಹೇಗೆ?

ಕಪ್ಪು_ಪ್ರೈಮರ್

ಬ್ರೌನ್ ಡೆಟಾಲ್. ನೀರು ಬೆರೆಸದೆ ಮುಳುಗಿಸಿಟ್ಟು, ಕೆಲವು ಗಂಟೆ ಬಿಟ್ಟು ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ತಿಕ್ಕಿ. ತಿಕ್ಕಿದ ತಕ್ಷಣ ನಲ್ಲಿ ಕೆಳಗೆ ಹಿಡಿದರೆ ಬಿಟ್ಟ ಬಣ್ಣ ಅಂಟಂಟಾಗಿ ಮತ್ತೆ ಮೈಗೆ ಮೆತ್ತಿಕೊಳ್ಳುತ್ತೆ. ಮೊದಲು ಹೊಸ ಡೆಟಾಲ್‌ನಲ್ಲೇ ಒಂದು ಸಲ ಜಾಲಿಸಿ, ಆಮೇಲೆ ಪಾತ್ರೆ ಸೋಪು, ನೀರು. ಐಪಿಎ ಇನ್ನೂ ಬೇಗ ಕೆಲಸ ಮಾಡುತ್ತೆ, ಆದರೆ ರೆಸಿನ್ ಹತ್ತು ನಿಮಿಷಕ್ಕಿಂತ ಜಾಸ್ತಿ ನೆನೆದರೆ ಮೆತ್ತಗಾಗಿ ಸಣ್ಣ ವಿವರ ಹೋಗುತ್ತೆ. ಎರಡಕ್ಕೂ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ.

ಸೂಜಿಮೊನೆ

ದುಡ್ಡಿನ ಪ್ರಶ್ನೆ ಹಾಗೇ ಉಳಿದಿದೆ. ದೊಡ್ಡ ಪಾಲು ಒಂದೇ ಒಂದು ಒಳ್ಳೇ ಕುಂಚಕ್ಕೆ ಹೋಗಲಿ: ಕೊಲಿನ್ಸ್ಕಿ ಸೇಬಲ್ (ಪ್ರಾಣಿ ಕೂದಲಿನ ಕುಂಚ), ಸೈಜ್ 1. ಸಣ್ಣ ಕೆಲಸಕ್ಕೆ 000 ಬೇಕು ಅಂತ ಎಲ್ಲರೂ ಅಂದ್ಕೋತಾರೆ, ಆದರೆ 000 ಹಿಡಿಯೋ ಬಣ್ಣ ಎಷ್ಟು ಕಡಿಮೆ ಅಂದ್ರೆ ಮೇಲ್ಮೈ ಮುಟ್ಟೋ ಮೊದಲೇ ತುದಿಯಲ್ಲಿ ಒಣಗಿಬಿಡುತ್ತೆ. ಮೊನೆ ಚೂಪಾಗಿದ್ದರೆ ಸೈಜ್ 1ರಲ್ಲೇ ಕಣ್ಣುಗುಡ್ಡೆ ಇಡಬಹುದು. ಬಣ್ಣ ಲೋಹದ ಪಟ್ಟಿಯ ಒಳಗೆ ಹೋಗೋಕೆ ಬಿಡಬೇಡಿ, ಕೂದಲಿನ ಅರ್ಧಕ್ಕಷ್ಟೇ ಅದ್ದಿ. ಅಂಗಡಿಯಲ್ಲಿ ಸಿಗೋ ಅಗ್ಗದ ಸಿಂಥೆಟಿಕ್ ಎರಡು ತಂದು ಪ್ರೈಮರ್‌ಗೆ, ವಾಶ್‌ಗೆ (ಗುಂಡಿಗಳಿಗೆ ಇಳಿದು ನೆರಳು ಕೊಡೋ ನೀರು ಬಣ್ಣ), ಮೆಟಾಲಿಕ್‌ಗೆ ಇಟ್ಕೊಳ್ಳಿ.

ಬಣ್ಣ ಎಂಟು ಸಾಕು: ಕಪ್ಪು, ಐವರಿ, ಬಿಳಿ, ಕೆಂಪು, ಗಾಢ ಕಂದು, ಹಳದಿ ಓಕರ್, ಹಸಿರು, ಚಿನ್ನ. ಜೊತೆಗೆ ಒಂದು ಕಂದು ವಾಶ್. ದೊಡ್ಡ ಸೆಟ್ ಬೇಡ, ಅರ್ಧ ಬಾಟಲಿ ತೆಗೆಯೋದೇ ಇಲ್ಲ.

ವೆಟ್ ಪ್ಯಾಲೆಟ್ (ಬಣ್ಣ ಒಣಗದ ಹಾಗೆ ಇಡೋ ತೇವದ ತಟ್ಟೆ) ಮನೆಯಲ್ಲೇ ಆಗುತ್ತೆ. ಮುಚ್ಚಳ ಗಟ್ಟಿ ಇರೋ ಚಪ್ಪಟೆ ಸ್ವೀಟ್ ಬಾಕ್ಸ್, ತೆಳು ಸ್ಪಾಂಜ್, ಮೇಲೆ ಬೇಕಿಂಗ್ ಪೇಪರ್. ಬಟರ್ ಪೇಪರ್ ಅಂತ ಮಾರೋದರಲ್ಲಿ ಕೆಲವಕ್ಕೆ ಮೇಣ ಬಳಿದಿರುತ್ತೆ, ಅದರಲ್ಲಿ ನೀರು ಏರಲ್ಲ. ನೀರು ಮುಖ್ಯ. ಬೋರ್‌ವೆಲ್ ನೀರಿನಲ್ಲಿ ಬಣ್ಣ ತೆಳು ಮಾಡಿದರೆ ಒಣಗಿದ ಮೇಲೆ ಕಪ್ಪಿನ ಮೇಲೆ ಬಿಳಿ ಉಪ್ಪಿನ ಅಂಚು ಕಾಣುತ್ತೆ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತನ್ನಿ, ತಿಂಗಳುಗಟ್ಟಲೆ ಬರುತ್ತೆ. ಈ ಹವೆಯಲ್ಲಿ ಸ್ಪಾಂಜ್ ಬೂಷ್ಟು ಹಿಡಿಯುತ್ತೆ, ವಾರಕ್ಕೊಮ್ಮೆ ತೊಳೆದು ಒಣಗಿಸಿ.

ಈಗ ಮುಖ. ಬಣ್ಣದ ವೇಷದಲ್ಲಿ ಕೆಂಪು ಜಾಸ್ತಿ, ಕೆಂಪು ಪಿಗ್ಮೆಂಟ್ ಪಾರದರ್ಶಕ. ಕಪ್ಪಿನ ಮೇಲೆ ನೇರ ಬಳಿದರೆ ಐದು ಪದರವಾದರೂ ಮಂಕು ಹೋಗಲ್ಲ. ಮೊದಲು ಗಾಢ ಕಂದು ಒಂದು ಪದರ ಕೊಡಿ, ಅದರ ಮೇಲೆ ಎರಡು ಪದರ ಕೆಂಪು ಸಾಕು. ಕೆಂಪನ್ನು ತಿಳಿ ಮಾಡೋಕೆ ಬಿಳಿ ಸೇರಿಸಬೇಡಿ, ಗುಲಾಬಿಯಾಗುತ್ತೆ. ಓಕರ್ ಸೇರಿಸಿ.

ಆಮೇಲೆ ಕಣ್ಣು. ಕಣ್ಣಿನ ಗುಳಿಗೆ ಪೂರ್ತಿ ಕಪ್ಪು, ಒಳಗೆ ಐವರಿ ಅಡ್ಡಗೆರೆ, ನಡುವೆ ಕಪ್ಪು ಚುಕ್ಕಿ. ಚುಕ್ಕಿ ಮೇಲಿನ ರೆಪ್ಪೆಗೆ ತಾಗಿಕೊಂಡೇ ಇರಲಿ. ನಡುವೆ ತೇಲಿದರೆ ರಾಕ್ಷಸ ಬೆದರಿದ ಹಾಗೆ ಕಾಣ್ತಾನೆ. ತಪ್ಪಿದ ಅಂಚನ್ನು ಸುತ್ತಲಿನ ಬಣ್ಣದಿಂದಲೇ ತಿದ್ದಿ.

ಚುಟ್ಟಿ ಕೊನೆಗೆ. ಐವರಿಗೆ ಚೂರು ಕಂದು ಸೇರಿಸಿ ಪ್ರತಿ ಉಬ್ಬಿಗೂ ಬುಡದವರೆಗೆ ಮುಟ್ಟಿಸಿ. ಒಣಗಿದ ಮೇಲೆ ಶುದ್ಧ ಐವರಿಯನ್ನು ಉಬ್ಬಿನ ತುದಿಯ ಮೇಲೆ ಮಾತ್ರ ಇಡಿ, ಬುಡದಲ್ಲಿ ಆ ಮಾಸಲು ಬಣ್ಣ ಕೂದಲೆಳೆಯಷ್ಟು ಉಳೀಲಿ. ಆ ಎಳೆಯಿಂದಲೇ ಒಂದೊಂದು ಚುಟ್ಟಿಯೂ ಬೇರೆಬೇರೆಯಾಗಿ ಕಾಣೋದು. ಶುದ್ಧ ಬಿಳಿ ಮೂಗಿನ ಉಂಡೆಗೆ, ಅದರ ಅಕ್ಕಪಕ್ಕದ ಎರಡು ಮೂರು ಚುಟ್ಟಿಗೆ ಮಾತ್ರ. ಎಲ್ಲಕ್ಕೂ ಬಿಳಿ ಬಳಿದರೆ ಮುಖದ ಸುತ್ತ ಒಂದು ಪಟ್ಟಿ ಅಂಟಿಸಿದ ಹಾಗಾಗುತ್ತೆ.

ಕಿರೀಟದ ಚಿನ್ನಕ್ಕೆ ತಳದಲ್ಲಿ ಕಂದು, ಮೇಲೆ ಚಿನ್ನ, ಆಮೇಲೆ ವಾಶ್, ಕೊನೆಗೆ ಅಂಚುಗಳಿಗೆ ಮತ್ತೆ ಚಿನ್ನ. ವಾಶ್ ಸಮತಟ್ಟು ಜಾಗದಲ್ಲಿ ನಿಂತರೆ ಒಣಗಿದಾಗ ಕಲೆಯ ಉಂಗುರ ಉಳಿಯುತ್ತೆ, ಹಸಿ ಇದ್ದಾಗಲೇ ಹೀರಿಸಿ. ಅರ್ಧ ಒಣಗಿದ ವಾಶ್ ಮುಟ್ಟಬೇಡಿ, ಕಿತ್ತು ಬರುತ್ತೆ. ಮೆಟಾಲಿಕ್‌ಗೆ ಬೇರೆ ಲೋಟದ ನೀರು. ಇಲ್ಲದಿದ್ದರೆ ಮಿನುಗು ಪುಡಿ ಮುಖದ ಕಪ್ಪಿಗೂ ಬಂದು ಕೂರುತ್ತೆ.

ಪದರ_ಪದರ

ಒಂದು ಸೇರಿಸ್ತೀನಿ. ಆರು ಕಾಲಾಳುಗಳಿಗೂ ಇಷ್ಟು ಪದರ ಬೇಡ. ತಿಳಿ ಪ್ರೈಮರ್ ಮೇಲೆ ಕಾಂಟ್ರಾಸ್ಟ್ ಅಥವಾ ಸ್ಪೀಡ್‌ಪೇಂಟ್ (ಒಂದೇ ಸಲಕ್ಕೆ ನೆರಳು, ಬೆಳಕು ಎರಡೂ ಕೊಡೋ ತೆಳು ಬಣ್ಣಗಳು) ಒಂದೇ ಕೋಟ್ ಸಾಕು. ಸ್ಪೀಡ್‌ಪೇಂಟ್ ಆದರೆ 2.0 ಅಂತ ಬರೆದಿರೋದನ್ನೇ ತಗೊಳ್ಳಿ. 2022ರ ಮೊದಲ ಆವೃತ್ತಿ ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಎದ್ದು ಮೇಲಿನ ಬಣ್ಣಕ್ಕೆ ಬೆರೆಯುತ್ತಿತ್ತು.

ಸೂಜಿಮೊನೆ

ಕಾಲಾಳುಗಳಿಗೆ ಒಪ್ಪಿದೆ. ಆದರೆ ಅವರ ಮುಖಕ್ಕಾದರೂ ಕೈಯಿಂದ ಒಂದು ಹೈಲೈಟ್ ಕೊಡಿ, ಮೂಗು ಮತ್ತು ಕೆನ್ನೆ ಮೂಳೆಗೆ ಸಾಕು.

ವಾರ್ನಿಶ್ ಕೂಡ ಕುಂಚದಲ್ಲೇ. ಆಟದಲ್ಲಿ ಕೈಗೆ ಸಿಗೋ ಗೊಂಬೆಗೆ ಮೊದಲು ಗ್ಲಾಸಿ (ಹೊಳಪಿನ) ವಾರ್ನಿಶ್ ಒಂದು ಕೋಟ್, ಮರುದಿನ ಮ್ಯಾಟ್ (ಹೊಳಪಿಲ್ಲದ್ದು) ಒಂದು ಕೋಟ್. ಮ್ಯಾಟ್ ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತೆ, ಸರಿಯಾಗಿ ಕಲಕದಿದ್ದರೆ ಕಪ್ಪಿನ ಮೇಲೆ ಬಿಳಿ ಪೊರೆ ಬರುತ್ತೆ. ಹಾಗೆ ಬಂದರೆ ಗಾಬರಿ ಬೇಡ, ಮೇಲೊಂದು ಗ್ಲಾಸಿ ಕೋಟ್ ಕೊಟ್ಟರೆ ಸಾಮಾನ್ಯವಾಗಿ ತಿಳಿಯಾಗುತ್ತೆ. ಕಿರೀಟದ ಚಿನ್ನವನ್ನು ಮ್ಯಾಟ್ ಮಂಕು ಮಾಡುತ್ತೆ, ಅಂಚಿನ ಕೊನೆಯ ಹೈಲೈಟ್ ವಾರ್ನಿಶ್ ಆದ ಮೇಲೆ ಇಡಿ. ಈಟಿಯ ಹಿತ್ತಾಳೆ ತಂತಿಗೆ ಫೆವಿಕ್ವಿಕ್ ಹಾಕೋದೆಲ್ಲ ಪ್ರೈಮರ್‌ಗೆ ಮುಂಚೆಯೇ ಮುಗೀಲಿ. ತೇವದ ಹವೆಯಲ್ಲಿ ಅದರ ಆವಿ ಸುತ್ತಲೂ ಬಿಳಿ ಮಂಜು ಕೂರಿಸುತ್ತೆ, ಬಣ್ಣ ಆದ ಮೇಲೆ ಕೂತರೆ ಒರೆಸೋಕೆ ಬರಲ್ಲ.