ಪದಚರ್ಚೆ: ‘ಮಣ್ಣುಜನ್ಯ’ ಸರಿಯೇ? ಫಲಕಕ್ಕೆ ನಾಳೆಯೇ ಬೇಕು

ಗದಗದಿಂದ:

ಕಪ್ಪತಗುಡ್ಡದ ಬುಡದ ಶಾಲೆಯೊಂದರಲ್ಲಿ ಸೋಮವಾರ ಸಸ್ಯ ಪ್ರದರ್ಶನವಿದೆ. ಒಂದು ಫಲಕ ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಎಂಬ ನೀಲಗಿರಿ ಜಾತಿಯ ಮರಗಳ ಕಾಡುಗಳ ಕುರಿತದ್ದು. ಅಲ್ಲಿ ಫೈಟಾಫ್ತರಾ ಸಿನಮೋಮಿ ಎಂಬ ಜೀವಿ ಬೇರು ಕೊಳೆಸಿ ಮರಗಳನ್ನು ಒಣಗಿಸುತ್ತದೆ. ಮರ ಒಣಗುವ ಮೊದಲೇ ಹಿಡಿ ಮಣ್ಣಿನಲ್ಲಿರುವ ಡಿಎನ್‌ಎಯಿಂದ ಅದನ್ನು ಗುರುತಿಸಬಹುದು ಎಂಬುದು ವಿಷಯ. ನನ್ನ ಕರಡು ಶೀರ್ಷಿಕೆ: ‘ಮಣ್ಣುಜನ್ಯ ಸಸ್ಯರೋಗಕಾರಕ ಶಿಲೀಂಧ್ರದ ಪರಿಸರ ವಂಶವಾಹಿ ಪತ್ತೆ’. ಓದುವಾಗ ನನಗೇ ಉಸಿರು ಕಟ್ಟುತ್ತದೆ. ಹುಬ್ಬಳ್ಳಿಯ ಮುದ್ರಕರು ನಾಳೆ ಮಧ್ಯಾಹ್ನದೊಳಗೆ ಕೇಳಿದ್ದಾರೆ. ದಯವಿಟ್ಟು ತಿದ್ದಿಕೊಡಿ.

ಧಾರವಾಡದಿಂದ:

‘ಮಣ್ಣುಜನ್ಯ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಬೇಡ. ‘ಮೃಜ್ಜನ್ಯ’ ಎಂದು ಬರೆಯಿರಿ. ‘ವಂಶವಾಹಿ’ ಎಂದರೆ ಜೀನ್, ಡಿಎನ್‌ಎ ಅಲ್ಲ, ಅದೂ ತಪ್ಪು. ಡಿಎನ್‌ಎಗೆ ಕನ್ನಡದಲ್ಲಿ ಹೊಸ ಪದವನ್ನೇ ಕಟ್ಟಬೇಕು.

ಹಾವೇರಿಯಿಂದ:

‘ಮೃಜ್ಜನ್ಯ’ವನ್ನು ಐದನೆಯ ತರಗತಿಯ ಮಗು ಓದುವುದು ಹೇಗೆ? ತಪ್ಪಿರುವುದು ಸಮಾಸದಲ್ಲಲ್ಲ, ಅರ್ಥದಲ್ಲಿ. ‘ಮಣ್ಣುಜನ್ಯ’ದ ಮೂಲ ಇಂಗ್ಲಿಷಿನ ‘ಸಾಯಿಲ್-ಬಾರ್ನ್’. ಆ ಭಾಷೆಯಲ್ಲಿ ‘ಬಾರ್ನ್’ ಎಂದು ಕೇಳಿಸುವ ಪದಗಳು ಎರಡು: ಒಂದು ಹುಟ್ಟಿದ್ದು, ಇನ್ನೊಂದು ಹೊತ್ತದ್ದು. ಇಲ್ಲಿರುವುದು ಹೊತ್ತದ್ದು. ಅದನ್ನು ‘ಜನ್ಯ’ ಮಾಡಿದ ಕೂಡಲೇ ರೋಗವನ್ನು ಮಣ್ಣೇ ಹೆತ್ತಂತಾಗುತ್ತದೆ. ಮಣ್ಣು ಅದನ್ನು ಇಟ್ಟುಕೊಂಡಿರುತ್ತದೆ, ಬೂಟಿಗೂ ಗಾಲಿಗೂ ಅಂಟಿಸಿ ಕಳುಹಿಸುತ್ತದೆ, ಅಷ್ಟೇ. ನಮ್ಮ ಕಡಲೆಗೆ ಸಿಡಿ ರೋಗ ತರುವ ಫ್ಯುಸೇರಿಯಮ್ ಎಂಬ ಶಿಲೀಂಧ್ರ ಕೂಡ ಹೀಗೆಯೇ ಹೊಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ‘ಮಣ್ಣಿನಲ್ಲಿ ರೋಗ ಕುಳಿತಿದೆ’ ಎನ್ನುವ ರೈತನಿಗೆ ಈ ‘ಜನ್ಯ’ ಏಕೆ ಬೇಕು?

ಅರಿಸಮಾಸದ ಮಾತಿಗೆ ಬಂದರೆ, ‘ಕೊಳೆರೋಗ’ ಏನು? ಕೊಳೆ ನಮ್ಮದು, ರೋಗ ಸಂಸ್ಕೃತ. ಆ ಪದವನ್ನು ವಿಜ್ಞಾನದ ಲ್ಯಾಟಿನ್ನೇ ನಮ್ಮಿಂದ ಎರವಲು ಪಡೆಯಿತು: ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ವಿಜ್ಞಾನಿ ಕುಕ್ 1876ರಲ್ಲಿ ಇಟ್ಟ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ಜರ್ಮನಿಯ ಸಸ್ಯವಿಜ್ಞಾನಿ ಡಿ ಬಾರಿ ಅವರು ಫೈಟಾಫ್ತರಾ ಎಂಬ ಹೆಸರಿಟ್ಟದ್ದೂ ಅದೇ ವರ್ಷ. ಗ್ರೀಕ್‌ನಲ್ಲಿ ‘ಸಸ್ಯನಾಶಕ’ ಎಂದು ಅರ್ಥ.

ಇನ್ನೂ ಎರಡು ಮಾತು. ಫೈಟಾಫ್ತರಾ ನಿಜವಾದ ಶಿಲೀಂಧ್ರವಲ್ಲ, ಕಂದುಪಾಚಿಗಳಿಗೆ ಹತ್ತಿರದ ಬಳಗದ್ದು. ಆ ಪದವನ್ನು ತೆಗೆಯಿರಿ. ‘ಪತ್ತೆ’ಯನ್ನೂ ತೆಗೆಯಿರಿ. ಸತ್ತ ಜೀವಿಯ ಡಿಎನ್‌ಎ ಕೂಡ ಮಣ್ಣಿನಲ್ಲಿ ಉಳಿದಿರಬಹುದು. ಜೀವ ಇದೆಯೇ ಎಂದು ನೋಡಲು ಮಣ್ಣಿಗೆ ನೀರು ತುಂಬಿ, ಮೇಲೆ ಎಲೆಗಳನ್ನು ತೇಲಿಬಿಟ್ಟು, ಅವಕ್ಕೆ ರೋಗ ಹತ್ತುವುದೇ ಎಂದು ಕಾಯುವ ಹಳೆಯ ವಿಧಾನವನ್ನು ಇಂದಿಗೂ ಬಳಸುತ್ತಾರೆ. ಡಿಎನ್‌ಎ ಕೊಡುವುದು ‘ಸುಳಿವು’. ಈ ಪದದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಧಾರವಾಡದಿಂದ:

‘ಜನ್ಯ’ದ ತಪ್ಪನ್ನು ಒಪ್ಪಿದೆ. ಡಿಎನ್‌ಎ ವಿಷಯದಲ್ಲಿ ಒಪ್ಪುವುದಿಲ್ಲ. ನಿಮ್ಮದೇ ಜಿಲ್ಲೆಯ ಬ್ಯಾಡಗಿಯನ್ನು ನೋಡಿ. ಕಾಯಿ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ; ಹಿರಿಯರು ಅದರ ಹೆಸರನ್ನು ಎರವಲು ತರದೆ, ಕರಿಮೆಣಸಿನ ಖಾರ ಕಂಡು ‘ಮೆಣಸಿನಕಾಯಿ’ ಎಂದರು. ಅವರಿಗಿದ್ದ ಧೈರ್ಯ ನಮಗೇಕೆ ಇಲ್ಲ?

ಹಾವೇರಿಯಿಂದ:

ಅದೇ ಹಿರಿಯರು ಆಲೂಗಡ್ಡೆಯನ್ನು ಪೋರ್ಚುಗೀಸರ ‘ಬಟಾಟೆ’ ಎಂಬ ಹೆಸರಿನ ಸಮೇತ ತಂದರು. ಧಾರವಾಡದ ಸಂತೆಯಲ್ಲಿ ಇಂದಿಗೂ ಅದು ಬಟಾಟೆಯೇ. ಅದಕ್ಕೆ ಅಂಗಮಾರಿ ತರುವುದೂ ಇದೇ ಫೈಟಾಫ್ತರಾ ಕುಲದ ಜೀವಿ. ಡಿಎನ್‌ಎ ಎಂಬುದು ಪತ್ರಿಕೆ ಓದುವವರೆಲ್ಲರಿಗೂ ಗೊತ್ತಿರುವ ಪದ. ನಾಳೆ ಮಧ್ಯಾಹ್ನದೊಳಗೆ ಹೊಸ ಪದ ಹುಟ್ಟಿಸಿ ಮಕ್ಕಳ ಮುಂದಿಡುವುದು ನನಗೆ ಒಪ್ಪಿಗೆಯಿಲ್ಲ.

ಗದಗದಿಂದ:

ಇಬ್ಬರಿಗೂ ವಂದನೆಗಳು. ಮುದ್ರಣಕ್ಕೆ ಕಳುಹಿಸಿದ್ದು: ‘ಮಣ್ಣಿನಲ್ಲಿ ಕುಳಿತ ರೋಗಾಣು: ಡಿಎನ್‌ಎ ಕೊಡುವ ಸುಳಿವು’. ಒಳಗಿನ ಪಠ್ಯದಲ್ಲಿ ‘ಸ್ಥಳೀಯ ಪರಿಸರ ವ್ಯವಸ್ಥೆ’ ಎಂದಿದ್ದಲ್ಲಿ ‘ತಾನಾಗಿ ಬೆಳೆದ ಕಾಡು’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ನಾಳೆ ಹನ್ನೊಂದರೊಳಗೆ ತಿಳಿಸಿ.